ಭಾನುವಾರಕ್ಕೊಂದು ವಿಡಿಯೋ

“ಗುರುಗಳೇ, ನನ್ನ ಪಾಠ ಇನ್ನೆಷ್ಟು ಉಳಿದಿದೆ?” ಎಂದು ಚನ್ನವೀರ ಕೇಳಿದ.

ವ್ಯಾಕರಣ ಓದಲೆಂದು ಆ ಮಠಕ್ಕೆ ಬಂದಿದ್ದವರು ಹನ್ನೊಂದು ಮಂದಿ. ಹತ್ತು ಮಂದಿ ಓದಿ ಮುಗಿಸಿ ತಮ್ಮ ತಮ್ಮ ದಾರಿ ಹಿಡಿದಿದ್ದರು. ಉಳಿದವನು ಚನ್ನವೀರ ಒಬ್ಬನೇ. ಈ ಪ್ರಶ್ನೆಯನ್ನು ಅವನು ಹಿಂದೆಯೂ ಕೇಳಿದ್ದ. ಕೇಳಿದಾಗಲೆಲ್ಲ ಗುರುಗಳು “ಇನ್ನು ಸ್ವಲ್ಪ” ಎನ್ನುತ್ತಿದ್ದರು. ಅವತ್ತು ಹಾಗೆನ್ನಲಿಲ್ಲ. ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

“ಕೂತುಕೋ. ಒಂದು ಕತೆ ಹೇಳುತ್ತೇನೆ. ಇದರಲ್ಲಿ ರಾಜನೂ ಇಲ್ಲ, ಋಷಿಯೂ ಇಲ್ಲ. ಎರಡು ಫೋನುಗಳಿವೆ,” ಎಂದು ಶುರುಮಾಡಿದರು.

ಹರಿಹರದಲ್ಲಿ ಅನಸೂಯಮ್ಮ ಎಂಬ ಹೆಂಗಸೊಬ್ಬಳಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಯಾರ್‍ಯಾರದೋ ಮಾತನ್ನು ಯಾವ್ಯಾವುದೋ ಊರಿಗೆ ಜೋಡಿಸಿಕೊಟ್ಟವಳು. ಅವಳಿಗೆ ಮಾತ್ರ ಯಾರೂ ಫೋನು ಮಾಡುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಒಡಹುಟ್ಟಿದವರು ಇರಲಿಲ್ಲ. ಬಾಯಿ ಸ್ವಲ್ಪ ಖಾರವಾದ್ದರಿಂದ ನೆರೆಹೊರೆಯವರೂ ಅಷ್ಟಕ್ಕಷ್ಟೆ.

ಅವಳಿಗೆಂದು ಇದ್ದವಳು ಹಾಲಮ್ಮ ಒಬ್ಬಳು. ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯವಳು, ಗಂಡ ಸತ್ತ ಮೇಲೆ ಪಕ್ಕದ ಮನೆಗೇ ಬಾಡಿಗೆಗೆ ಬಂದಳು. ಮಧ್ಯಾಹ್ನದ ಊಟ ಮುಗಿದರೆ ಇಬ್ಬರೂ ಜಗಲಿಯ ಮೇಲೆ ಕೂತು ಹರಟುತ್ತಿದ್ದರು. ಹಾಲಮ್ಮ ಕಾಯಿಲೆ ಬಿದ್ದು, ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅನಸೂಯಮ್ಮ ಅವಳ ಹರಟೆಯನ್ನು ತನ್ನ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳತೊಡಗಿದಳು. ಹಾಲಮ್ಮ ತೀರಿಕೊಂಡ ದಿನಕ್ಕೆ ಅಂಥ ವಿಡಿಯೋಗಳು ಇಪ್ಪತ್ತೆಂಟು ಆಗಿದ್ದವು.

ಹಾಲಮ್ಮನ ಒಬ್ಬಳೇ ಮಗಳು ಮಂಗಳಾ ಶಿವಮೊಗ್ಗದಲ್ಲಿದ್ದಳು. ತಾಯಿಯ ಕೊನೆಯ ಮೂರು ತಿಂಗಳಲ್ಲಿ ಅವಳು ಬಂದುಹೋದದ್ದು ಒಂದೇ ಸಲ. ಅತ್ತೆ ಬಿದ್ದು ಕಾಲು ಮುರಿದುಕೊಂಡಿದ್ದಳು, ಮಕ್ಕಳಿಗೆ ಪರೀಕ್ಷೆಯಿತ್ತು, ಕೆಲಸದಲ್ಲಿ ರಜೆ ಕೊಡುತ್ತಿರಲಿಲ್ಲ. ಕಾರಣಗಳೆಲ್ಲ ನಿಜವೇ. ಆದರೆ ಕಾರಣ ನಿಜವಾದ ಮಾತ್ರಕ್ಕೆ ಮನಸ್ಸು ಸುಮ್ಮನಾಗುತ್ತದೆಯೇ? ಕಾರ್ಯವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಅವಳು ಅನಸೂಯಮ್ಮನ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳಿದಳು.

“ಅಮ್ಮಗೆ ನನ್ನ ಮ್ಯಾಲೆ ಸಿಟ್ಟಿತ್ತಾ, ಚಿಕ್ಕಮ್ಮ?”

“ನಾನ್ಯಾಕೆ ಹೇಳ್ಲವ್ವ? ಅವಳೇ ಹೇಳ್ಯಾಳೆ. ಫೋನಿನಾಗೆ ಐತೆ. ಅವಳ ಬಾಯಾಗೇ ಕೇಳುವಂತಿ.”

ಇಲ್ಲಿಂದ ಫೋನಿನ ಸಮಾಚಾರ. ಅನಸೂಯಮ್ಮನದು ಆಂಡ್ರಾಯ್ಡ್, ಮಂಗಳಾಳದು ಐಫೋನ್. ಎರಡರೊಳಗಿನ ವ್ಯವಸ್ಥೆಯೇ ಬೇರೆ. ಮೆಸೇಜಿನಲ್ಲಿ ಕಳಿಸಿ ನೋಡಿದರು. ಹಾಲಮ್ಮನ ಮುಖ ಕಲಸಿಹೋಗಿ ಯಾವ ಹಾಲಮ್ಮ ಎಂದು ಕೇಳುವ ಹಾಗಾಯಿತು. ಇದ್ದದ್ದು ಇದ್ದ ಹಾಗೆ ಹೋಗಬೇಕಾದರೆ ಎರಡು ಫೋನಿನಲ್ಲೂ ಒಂದೇ ಆ್ಯಪ್ ಇರಬೇಕು, ಒಂದರ ಹಾಟ್‌ಸ್ಪಾಟಿಗೆ ಇನ್ನೊಂದನ್ನು ಸೇರಿಸಬೇಕು, ಆಮೇಲೆ ಎರಡನ್ನೂ ಅಕ್ಕಪಕ್ಕ ಮಲಗಿಸಿ, ಪರದೆ ಆರದ ಹಾಗೆ ಆಗಾಗ ಬೆರಳು ಮುಟ್ಟಿಸುತ್ತ ಕಾಯಬೇಕು. ಮಂಗಳಾಳಿಗೆ ಇಷ್ಟು ಗೊತ್ತಿತ್ತು. ಕಳಿಸಬೇಕಾದ್ದು ಅನಸೂಯಮ್ಮನ ಫೋನಿನಿಂದ. ಆ ಫೋನು ಮಂಗಳಾಳಿಗೆ ಹೊಸದು, ಅನಸೂಯಮ್ಮನಿಗೆ ಒಂದು ವಿಡಿಯೋ ಆರಿಸುವುದು ತಿಳಿಯಿತೇ ಹೊರತು ಎಲ್ಲವನ್ನೂ ಒಟ್ಟಿಗೆ ಆರಿಸುವುದು ತಿಳಿಯಲಿಲ್ಲ. ಒಂದು ಹೋಯಿತು. ಎರಡನೆಯದಕ್ಕೆ ಸಂಪರ್ಕ ಕಡಿದುಹೋಯಿತು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಬರುವ ಭಾನುವಾರ ನೋಡೋಣ ಎಂದು ಅನಸೂಯಮ್ಮ ಹೇಳಿದಳು. ಆ ದಿನ ಅವಳು ಹೇಳಿದ್ದರಲ್ಲಿ ಸುಳ್ಳು ಒಂದಿಷ್ಟೂ ಇರಲಿಲ್ಲ. ಇದನ್ನು ನೆನಪಿಟ್ಟುಕೋ.

ಮಂಗಳಾ ಹೋದ ಮೇಲೆ ಅನಸೂಯಮ್ಮ ಎರಡು ತಟ್ಟೆ ತೊಳೆದಳು. ಹಾಲಮ್ಮ ಹಾಸಿಗೆ ಹಿಡಿದಂದಿನಿಂದ ಅವಳು ತೊಳೆಯುತ್ತಿದ್ದದ್ದು ಒಂದೇ ತಟ್ಟೆ. ಅವಳಿಗೆ ಸುಖವೆನಿಸಿತು. ಆ ಸುಖಕ್ಕೆ ನಾಚಿಕೆಯೂ ಆಯಿತು.

ಸೋಮವಾರ ಅವಳು ಮೊಬೈಲ್ ಅಂಗಡಿಗೆ ಹೋಗಿ ವಿಚಾರಿಸಿದಳು. ಅಂಗಡಿಯ ಹೆಂಗಸು ನಕ್ಕು ತೋರಿಸಿಕೊಟ್ಟಳು. ಒಂದು ವಿಡಿಯೋದ ಮೇಲೆ ಬೆರಳು ಒತ್ತಿ ಹಿಡಿದರೆ ಪಕ್ಕದಲ್ಲಿ ಗುರುತು ಬರುತ್ತದೆ, ಆಮೇಲೆ ಎಲ್ಲದಕ್ಕೂ ಗುರುತು ಹಾಕಿ ಕಳಿಸಿದರಾಯಿತು, ಅರ್ಧ ಗಂಟೆಯ ಕೆಲಸ. ಇಷ್ಟೇನಾ ಎಂದುಕೊಂಡು ಅನಸೂಯಮ್ಮ ಮನೆಗೆ ಬಂದಳು.

ಭಾನುವಾರ ಹೇಳಬೇಕೆಂದೇ ಇದ್ದಳು. ಅವಳ ಪರವಾಗಿ ನಾನು ಇಷ್ಟನ್ನಾದರೂ ಹೇಳಬೇಕು. ಆದರೆ ಮಂಗಳಾ ಬಂದು, “ಇವತ್ತಾದ್ರೂ ಎಲ್ಲಾ ಬರ್ತಾವಾ, ಚಿಕ್ಕಮ್ಮ?” ಎಂದು ಕೇಳಿದಾಗ ಅವಳ ನಾಲಿಗೆ ಬೇರೆಯೇ ಹೇಳಿತು.

“ಇಲ್ಲವ್ವ. ನಿನ್ನ ಫೋನಿನ ಜಾತಿ ಬ್ಯಾರೆ, ನನ್ನ ಫೋನಿನ ಜಾತಿ ಬ್ಯಾರೆ. ದಿನಕ್ಕೆ ಒಂದಷ್ಟೇ ಹೋಗೋದಂತೆ.”

ಪುಣ್ಯಾತ್ಗಿತ್ತಿ ಫೋನಿಗೂ ಜಾತಿ ಕಟ್ಟಿದಳು. ಮಂಗಳಾ ಓದಿದವಳು, ಆದರೂ ನಂಬಿದಳು. ನಮ್ಮಲ್ಲಿ ಜಾತಿ ಬೇರೆ ಎಂದರೆ ಸಾಕು, ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಅಂದಿನಿಂದ ಭಾನುವಾರಕ್ಕೊಂದು ವಿಡಿಯೋ. ಅನಸೂಯಮ್ಮನ ದಿನಗಳು ಬದಲಾದವು. ಶನಿವಾರ ಬಂತೆಂದರೆ ಕಾಳು ನೆನೆಹಾಕುವುದೇನು, ಹೂ ತರಿಸುವುದೇನು, ಮನೆ ಸಾರಿಸುವುದೇನು! ನೆರೆಯವರೊಡನೆ ನೀರಿಗಾಗಿ ಆಡುತ್ತಿದ್ದ ಜಗಳವನ್ನೂ ಬಿಟ್ಟಳು. ಭಾನುವಾರ ಎರಡು ಫೋನುಗಳನ್ನು ಚಾಪೆಯ ಮೇಲೆ ಅಕ್ಕಪಕ್ಕ ಮಲಗಿಸಿ, ಇಬ್ಬರೂ ಎದುರುಬದುರು ಕೂತು ಮಾತಾಡುತ್ತಿದ್ದರು. ಹಾಲಮ್ಮ ಉಪ್ಪಿನಕಾಯಿಯ ಬಗ್ಗೆ ಹೇಳಿದ್ದು ಒಂದು ವಾರ ಹೋಯಿತು, ಎಕ್ಸ್‌ಚೇಂಜಿನ ಸೂಪರ್‌ವೈಸರನ ಬೋಳುತಲೆಯ ಟೋಪನ್ನು ನೆನೆಸಿಕೊಂಡು ನಕ್ಕದ್ದು ಇನ್ನೊಂದು ವಾರ. ಮಂಗಳಾಳೂ ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಕೇಳುತ್ತಿದ್ದಳು, ನನ್ನ ವಿಚಾರ ಹೇಳಿರೋದು ಯಾವಾಗ ಎಂದು. ಅದು ಉದ್ದದ್ದು, ಕೊನೆಗೆ ಕಳಿಸೋಣ ಎಂದು ಅನಸೂಯಮ್ಮ ತಳ್ಳಿಹಾಕುತ್ತಿದ್ದಳು.

ಅದನ್ನು ಕೊಟ್ಟರೆ ಮಂಗಳಾ ಮತ್ತೆ ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಹಾಗೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಮಂಗಳಾಳ ಮುಖ ವಾರವಾರಕ್ಕೆ ಇಳಿಯುತ್ತಿದ್ದುದು ಅವಳಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಬಸ್ ಹತ್ತಿಸಿ ವಾಪಸು ಬರುವಾಗಲೆಲ್ಲ, ಬರುವ ವಾರ ಕೊಟ್ಟೇಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡುತ್ತಿದ್ದಳು. ಸೋಮವಾರ ಬೆಳಗಾಗುತ್ತಿತ್ತು. ಮನೆಯಲ್ಲಿ ಒಂದು ಮಾತಿಗೂ ಜನವಿಲ್ಲ. ಮಂಗಳವಾರವೂ ಹಾಗೆಯೇ. ಬುಧವಾರದ ಹೊತ್ತಿಗೆ ಆ ಗಟ್ಟಿ ಮನಸ್ಸು ಎಲ್ಲಿ ಹೋಗುತ್ತಿತ್ತೋ ಅವಳಿಗೇ ತಿಳಿಯುತ್ತಿರಲಿಲ್ಲ. ಒಂಟಿ ಇರುವುದು ಅಭ್ಯಾಸವಾಗುತ್ತದೆ ಎನ್ನುತ್ತಾರೆ. ಸುಳ್ಳು. ವಾರಕ್ಕೊಂದು ದಿನ ಯಾರಾದರೂ ಬಂದುಹೋದರಂತೂ ಉಳಿದ ಆರು ದಿನ ಇನ್ನಷ್ಟು ಭಾರವಾಗುತ್ತವೆ.

ವಿಡಿಯೋಗಳು ಮುಗಿಯುತ್ತ ಬಂದವು. ಆಗ ಅವಳಿಗೆ ಒಂದು ಉಪಾಯ ಸಿಕ್ಕಿತು. ವಿಡಿಯೋವನ್ನು ಎಲ್ಲಿ ಬೇಕಾದರೂ ಕತ್ತರಿಸುವ ಅನುಕೂಲ ಫೋನಿನಲ್ಲೇ ಇತ್ತು. ಒಂದನ್ನು ಕತ್ತರಿಸಿ ಎರಡು ಮಾಡಿದಳು. ಒಂದು ಭಾನುವಾರ ಹೆಚ್ಚಾಯಿತು. ಕತ್ತರಿಸಿದಾಗಲೆಲ್ಲ ಫೋನು ಕೇಳುತ್ತಿತ್ತು, ಹೊಸ ಪ್ರತಿಯಾಗಿ ಉಳಿಸಲೋ, ಹಳೆಯದರ ಮೇಲೆಯೇ ಉಳಿಸಲೋ ಎಂದು. ಹೊಸ ಪ್ರತಿ ಎಂದು ಒತ್ತಬೇಕು, ಆಗ ಮೂಲ ಹಾಗೆಯೇ ಇರುತ್ತದೆ. ಇಷ್ಟನ್ನು ಅವಳು ಸರಿಯಾಗಿ ಕಲಿತಿದ್ದಳು.

ಕಡೆಗೆ ಒಂದು ಉಳಿಯಿತು. ಮಂಗಳಾ ಕಾಯುತ್ತಿದ್ದ ವಿಡಿಯೋ. ಹದಿನೆಂಟು ನಿಮಿಷದ್ದು. ಮೂರು ತುಂಡು ಮಾಡಿದರೆ ಮೂರು ಭಾನುವಾರ ಎಂದು ಶನಿವಾರ ಮಧ್ಯಾಹ್ನ ಅನಸೂಯಮ್ಮ ಅಡುಗೆಮನೆಯಲ್ಲಿ ಕೂತು ಕತ್ತರಿಸಿದಳು. ಫೋನು ಎಂದಿನಂತೆ ಕೇಳಿತು. ಅದೇ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕಿತು. ಅತ್ತ ನೋಡುತ್ತ ಇತ್ತ ಒತ್ತಿದಳು. ಹಾಲು ಇಳಿಸಿ ಬಂದು ನೋಡಿದರೆ ಆರು ನಿಮಿಷವಿತ್ತು, ಹನ್ನೆರಡು ನಿಮಿಷ ಇರಲಿಲ್ಲ. ಫೋನು ಹಳೆಯದರ ಮೇಲೆಯೇ ಉಳಿಸಿತ್ತು.

ಅವಳು ಸೆರಗು ಸರಿಮಾಡಿಕೊಳ್ಳದೆ ಮೊಬೈಲ್ ಅಂಗಡಿಗೆ ಓಡಿದಳು. ಅಂಗಡಿಯ ಹೆಂಗಸು ಒಂದು ಗಂಟೆ ಹುಡುಕಿದಳು. ಅಳಿಸಿದ್ದಾದರೆ ಮತ್ತೆ ತೆಗೆಯಬಹುದಿತ್ತಮ್ಮ, ಇದರ ಮೇಲೇ ಬರೆದುಬಿಟ್ಟಿದ್ದೀರಿ ಎಂದಳು.

ಭಾನುವಾರ ಮಂಗಳಾ ಬಂದಳು. ಉಳಿದಿದ್ದು ಒಂದೇ ಎಂದು ಅವಳಿಗೆ ಗೊತ್ತಿತ್ತು. ಆರು ನಿಮಿಷದ ವಿಡಿಯೋ ಬೇಗ ಹೋಯಿತು. ಮನೆಗೆ ಹೋಗುವ ತನಕ ತಡೆಯಲಾರದೆ ಅವಳು ಅಲ್ಲೇ ಚಾಪೆಯ ಮೇಲೆ ಅದನ್ನು ಹಾಕಿಕೊಂಡಳು. ಹಾಲಮ್ಮ ಅದೂ ಇದೂ ಮಾತಾಡಿ, ಕೊನೆಗೆ ಹೇಳಿದಳು. “ಮಂಗಳಾ ಬರ್ಲಿಲ್ಲ ನೋಡು, ಅನಸೂಯ. ಸುಳ್ಳು ಯಾಕೆ ಹೇಳ್ಲಿ, ನಂಗೆ ಭಾಳ ಸಿಟ್ಟು ಬಂದಿತ್ತು. ಹೆತ್ತವ್ವ ಸಾಯಾಕೆ ಬಿದ್ದಾಳೆ ಅಂದ್ರೂ ಪುರುಸೊತ್ತಿಲ್ಲ ಅಂತ ಹೊಟ್ಟೆ ಉರೀತಿತ್ತು.”

ಅಲ್ಲಿಗೆ ನಿಂತುಹೋಯಿತು.

ಮಂಗಳಾ ಬಿಳಿಚಿಕೊಂಡು ಕೂತಳು. ಅವಳ ಮುಖ ನೋಡಿದ ಅನಸೂಯಮ್ಮ ಇನ್ನು ತಾಳಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ಅಂಗಡಿಯಲ್ಲಿ ಕಲಿತದ್ದು, ಜಾತಿಯ ಮಾತು ಕಟ್ಟಿದ್ದು, ಕತ್ತರಿಸಿದ್ದು, ಕಳೆದದ್ದು. ಆಮೇಲೆ ಹಾಲಮ್ಮ ಮುಂದೆ ಹೇಳಿದ್ದ ಮಾತನ್ನೂ ಹೇಳಿದಳು. ಆ ಸಿಟ್ಟು ಎರಡು ದಿನವೂ ನಿಲ್ಲಲಿಲ್ಲ ಎಂದಿದ್ದಳು ಹಾಲಮ್ಮ. ಈ ಒಣಗಿದ ಮುಖ ಅವಳು ನೋಡದಿದ್ದರೇ ಒಳ್ಳೆಯದು, ದಿನಾ ಫೋನು ಮಾಡಿ ಉಂಡ್ಯೇನವ್ವ ಅಂತ ಕೇಳ್ತಾಳಲ್ಲ, ಅಷ್ಟು ಸಾಕು ನಂಗೆ, ನನ್ನ ಮಗಳ ಮೇಲೆ ನಂಗೆಂಥ ಸಿಟ್ಟು ಎಂದಿದ್ದಳು. ಅನಸೂಯಮ್ಮ ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಅಷ್ಟು ದೊಡ್ಡ ನಿಜವನ್ನು ಅವಳು ಜನ್ಮದಲ್ಲಿ ಹೇಳಿರಲಿಲ್ಲ.

ಮಂಗಳಾ ಪೂರ್ತಿ ಕೇಳಿದಳು. ಕೇಳಿ, ಬೈಯಲಿಲ್ಲ, ಕೂಗಾಡಲಿಲ್ಲ.

“ಏಳು ತಿಂಗಳು ಸುಳ್ಳು ಹೇಳಿದ ಬಾಯಿ ಇದು, ಚಿಕ್ಕಮ್ಮ. ಇದೊಂದನ್ನ ಹೆಂಗೆ ನಂಬ್ಲಿ, ನೀವೇ ಹೇಳ್ರಿ.”

ಮಂಗಳಾಳಿಗೆ ಬೇಕಾಗಿದ್ದ ಆ ಒಂದು ಮಾತನ್ನು ಕಿವಿಯಾರೆ ಕೇಳಿದವಳು ಈ ಭೂಮಿಯ ಮೇಲೆ ಅನಸೂಯಮ್ಮ ಒಬ್ಬಳೇ. ಆದರೆ ಅವಳು ಹೇಳಿದರೆ ನಡೆಯುವ ಹಾಗಿರಲಿಲ್ಲ. ಮಂಗಳಾ ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಊಟಕ್ಕೆ ನಿಲ್ಲಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಬರುತ್ತೇನೆ ಎಂದು ಅನಸೂಯಮ್ಮ ಹೊರಟಳು. ಮಂಗಳಾ ಬೇಡ ಎಂದು ಕೈಸನ್ನೆಯಲ್ಲೇ ಹೇಳಿ ಹೋದಳು.

ಮೊದಲ ತಿಂಗಳಲ್ಲೇ ಎಲ್ಲ ಕೊಟ್ಟಿದ್ದರೆ ಅವಳು ಮತ್ತೆ ಬರುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅನಸೂಯಮ್ಮನಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವಂತೆಯೂ ಇಲ್ಲ. ಅದನ್ನು ಯೋಚಿಸುತ್ತ ಅವಳು ಈಗಲೂ ಒಂದು ತಟ್ಟೆ ತೊಳೆಯುತ್ತಾಳೆ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಅನಸೂಯಮ್ಮನ ಮೇಲೆ ಚನ್ನವೀರನಿಗೆ ಸಿಟ್ಟೂ ಬಂದಿತ್ತು, ಕನಿಕರವೂ ಬಂದಿತ್ತು. ಗೊತ್ತಾದ ದಿನವೇ ಒಂದು ಮಾತು ಹೇಳಿಬಿಡಲು ಅವಳಿಗೆ ಅಂಥ ಕಷ್ಟವೇನಿತ್ತು ಎಂದು ಕೇಳಿದ.

ಗುರುಗಳು ಅವನ ಮುಖ ನೋಡಲಿಲ್ಲ. ಪಕ್ಕದಲ್ಲಿದ್ದ ಕನ್ನಡಕವನ್ನು ಕೈಗೆತ್ತಿಕೊಂಡು ಹೇಳಿದರು.

“ನಿನ್ನ ಪಾಠ ಮುಗಿದು ಮೂರು ವರ್ಷವಾಯಿತಪ್ಪ.”