ದೊರೆ ಹುಟ್ಟಿಸಿದ ಧಾಟಿ

ಹಂಸಗಿರಿಯ ದೊರೆ ಭೈರಭೂಪನಿಗೆ ಒಂದು ದಿನ ಬೆಳಗಾಗುತ್ತಲೇ ತಾನು ಸಂಗೀತಗಾರ ಅಂತ ಗೊತ್ತಾಯಿತು. ಹಿಂದಿನ ದಿನದವರೆಗೂ ಅದು ಅವನಿಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ. ಎಲ್ಲರೂ ನೆಮ್ಮದಿಯಾಗಿದ್ದರು.

“ಹಾಸಿಗೆಯಿಂದ ಏಳುವ ಹೊತ್ತಿಗೆ ಹೊಸ ಧಾಟಿಯೊಂದು ಹೊಳೆಯಿತು. ಯಾರೂ ಕಲಿಸಿದ್ದಲ್ಲ. ಸ ಯಾವುದು, ರಿ ಯಾವುದು ಅಂತಲೂ ನನಗೆ ಗೊತ್ತಿಲ್ಲ. ಕೇಳಿ,” ಎಂದು ತುಂಬಿದ ಸಭೆಯಲ್ಲಿ ಗಂಟಲು ಸರಿಮಾಡಿಕೊಂಡು ಹಾಡಿಯೇಬಿಟ್ಟ.

ಸಭೆ ಭಲೇ ಭಲೇ ಎಂದಿತು. ಅನ್ನದೇ ಇರುವುದಕ್ಕೆ ಯಾರಿಗೆ ತಲೆ ಕೆಟ್ಟಿದೆ ಹೇಳಿ. ಮರುದಿನ ಇನ್ನೊಂದು ಧಾಟಿ, ಅದರ ಮರುದಿನ ಮತ್ತೊಂದು. ದೊರೆ ಉಬ್ಬಿಹೋದ. ಆಮೇಲೆ ಅವನ ಕಣ್ಣು ತಮ್ಮಯ್ಯ ಭಾಗವತರ ಮೇಲೆ ಬಿತ್ತು.

ಅರಮನೆಯ ಸಂಗೀತ ಪಾಠಶಾಲೆ ನಡೆಸುತ್ತಿದ್ದವರು ಇದೇ ಭಾಗವತರು. ಮಹಾ ವಿದ್ವಾಂಸರು, ಅಷ್ಟೇ ಮುಂಗೋಪಿಗಳು. ಶಿಷ್ಯರು ಒಂದು ಸ್ವರ ಆಚೀಚೆ ಮಾಡಿದರೆ ಹಲ್ಲುನೋವು ಬಂದವರ ಹಾಗೆ ಮುಖ ಕಿವುಚುತ್ತಿದ್ದರು.

“ಭಾಗವತರೇ, ಏನೂ ಕಲಿಯದ ನನಗೆ ದಿನಕ್ಕೊಂದು ಹೊಳೆಯುತ್ತದೆ. ನಿಮ್ಮ ಶಿಷ್ಯರಲ್ಲಿ ಒಬ್ಬನಾದರೂ ಹೊಸದು ಕಟ್ಟಿದ್ದಾನೆಯೇ?”

“ಮೊದಲು ಶುದ್ಧವಾಗಿ ಹಾಡಲಿ ಅಂತ ಕಾಯುತ್ತಿದ್ದೇನೆ, ಮಹಾಸ್ವಾಮಿ.”

“ನೀವು ಕಾಯುತ್ತಾ ಕೂತಿರಿ, ಅವರಿಗೆ ಮೀಸೆ ಬಂತು. ನಿಮ್ಮ ಶಾಸ್ತ್ರವೇ ಅವರ ಗಂಟಲು ಹಿಸುಕಿದ್ದು. ಹುಣ್ಣಿಮೆಗೆ ಪಾಠಶಾಲೆ ಮುಚ್ಚಿಬಿಡಿ. ಅಲ್ಲಿ ಕುದುರೆ ಕಟ್ಟಿಸುತ್ತೇನೆ.”

ಸಭೆಯಲ್ಲಿ ಹೊನ್ನಯ್ಯ ಅಂತ ಒಬ್ಬನಿದ್ದ. ಕೆಲಸ ಇಂಥದ್ದೇ ಅಂತಿಲ್ಲ. ದೊರೆಗೆ ಕೋಪ ಬಂದಾಗ ನಗಿಸುವುದು, ನಗುತ್ತಿದ್ದಾಗ ಊರಿನ ಕೆಲಸ ಮಾಡಿಸಿಕೊಳ್ಳುವುದು. ಸಾಯಂಕಾಲ ಅವನು ಭಾಗವತರ ಮನೆಗೆ ಹೋದ. ಭಾಗವತರು ಊರು ಬಿಡಲು ತಂಬೂರಿಗೆ ಹಳೇ ಪಂಚೆ ಸುತ್ತುತ್ತಿದ್ದರು. ಒಳಗೆ ಅವರ ಹೆಂಡತಿ ಅಳುತ್ತಿದ್ದರು. ಹೊನ್ನಯ್ಯ ಭಾಗವತರ ಎದುರು ಕೂತ.

“ನಿಜ ಹೇಳಿ ಭಾಗವತರೇ, ದೊರೆಯ ಧಾಟಿ ಹೇಗಿದೆ?”

“ಹೇಗಿರುತ್ತದಯ್ಯಾ? ನಾನು ಮಕ್ಕಳಿಗೆ ಹೇಳಿಕೊಡುವ ವರಸೆ ಅದು. ಹೊಸದಾಗಿ ಸೇರಿದವರ ಪಾಠ. ದಿನಾ ಆ ದಿನದ ಪಾಠವೇ. ಇದನ್ನು ಸಭೆಯಲ್ಲಿ ಹೇಳಿ ನಾನು ತಲೆ ಕಳಕೊಳ್ಳಲೇ?”

“ದೊರೆಗೆ ಅದು ಸಿಕ್ಕಿದ್ದೆಲ್ಲಿ?”

“ಶಿವನೇ ಬಲ್ಲ. ನಾವು ಪಾಠ ಮಾಡುವುದು ಬೆಳಕು ಹರಿಯುವ ಮೊದಲು. ಆಗ ದೊರೆ ಗೊರಕೆ ಹೊಡೆಯುತ್ತಿರುತ್ತಾರೆ.”

ಹೊನ್ನಯ್ಯ ಎದ್ದು, ಭಾಗವತರನ್ನು ಕರಕೊಂಡು ಪಕ್ಕದ ಪಾಠಶಾಲೆಯ ಜಗಲಿಗೆ ಬಂದು ಸುತ್ತ ನೋಡಿದ. ಓಣಿಯ ಆಚೆ ಅರಮನೆಯ ಗೋಡೆ. ಗೋಡೆಯಲ್ಲಿ ದೊರೆ ಮಲಗುವ ಕೋಣೆಯ ಕಿಟಕಿ, ಹಾರುಹೊಡೆದು ತೆರೆದಿದೆ. ಗಾಳಿ ಬೇಕು ಅಂತ ದೊರೆ ಅದನ್ನು ಮುಚ್ಚಿಸುತ್ತಿರಲಿಲ್ಲ.

“ಭಾಗವತರೇ, ನಾಡಿದ್ದು ಬೆಳಗ್ಗೆ ಯಾವ ಪಾಠ ಮಾಡುತ್ತೀರಿ? ನನಗೊಂದು ಸಲ ಹೇಳಿಕೊಡಿ,” ಎಂದ ಹೊನ್ನಯ್ಯ.

ಮರುದಿನ ಸಭೆಯಲ್ಲಿ ಅವನು ಕೈಮುಗಿದು ನಿಂತ. “ನಾಳೆ ಮಹಾಸ್ವಾಮಿಗಳಿಗೆ ಹೊಳೆಯುವ ಧಾಟಿ ಯಾವುದು ಅಂತ ಇವತ್ತೇ ಹೇಳಬಲ್ಲೆ.”

“ನನಗೇ ಗೊತ್ತಿಲ್ಲ, ನಿನಗೆ ಗೊತ್ತೇ? ಹೇಳಿದರೆ ಏನು ಬೇಕಾದರೂ ಕೇಳು. ತಪ್ಪಿದರೆ ನೀನೂ ಭಾಗವತರ ಜೊತೆ ಊರು ಬಿಡಬೇಕು.”

ಹೊನ್ನಯ್ಯ ಒಪ್ಪಿಕೊಂಡ. ದೊರೆಯ ಪಕ್ಕ ಕೂತಿದ್ದ ಪಟ್ಟದರಸಿಯ ಹತ್ತಿರ ಹೋಗಿ ಅವಳಿಗಷ್ಟೇ ಕೇಳುವ ಹಾಗೆ ಧಾಟಿಯನ್ನು ಗುನುಗಿದ. ಅವನ ಕಂಠವೋ, ದೇವರೇ ಗತಿ. ಅರಸಿ ಸೆರಗು ಬಾಯಿಗಿಟ್ಟುಕೊಂಡಳು.

ಮರುದಿನ ದೊರೆ ಹಾಡಿದ. ಅರ್ಧ ಆಗುವಷ್ಟರಲ್ಲೇ ಅರಸಿ ನಕ್ಕುಬಿಟ್ಟಳು. “ಇದನ್ನೇ ಕಣ್ರೀ ನಿನ್ನೆ ಹೊನ್ನಯ್ಯ ಗುನುಗಿದ್ದು.”

ದೊರೆಯ ಮುಖ ಬಿಳಿಚಿಕೊಂಡಿತು. “ದೇವರು ನನಗೆ ಕೊಡುವುದು ನಿನಗೆ ಒಂದು ದಿನ ಮುಂಚೆ ಹೇಗೆ ಸಿಕ್ಕಿತೋ?”

“ದೇವರು ಅದನ್ನು ಮೊದಲು ಭಾಗವತರಿಗೆ ಕೊಡುತ್ತಾನೆ, ಮಹಾಸ್ವಾಮಿ. ಅವರು ನಸುಕಿನಲ್ಲಿ ಮಕ್ಕಳಿಂದ ಹಾಡಿಸುತ್ತಾರೆ. ತಮ್ಮ ಕಿಟಕಿ ತೆರೆದಿರುತ್ತದೆ. ಕಣ್ಣು ಬಿಡುವ ಮೊದಲೇ ತಮ್ಮ ಕಿವಿ ಎದ್ದಿರುತ್ತದೆ.”

ದೊರೆ ಸಿಟ್ಟಾಗಿದ್ದರೆ ವಾಸಿಯಿತ್ತು. ಅವನು ತಲೆ ತಗ್ಗಿಸಿ ಕೂತ. “ಹಾಗಾದರೆ ನನ್ನದು ಅಂತ ಒಂದೂ ಇಲ್ಲ,” ಎಂದ. ಹೊನ್ನಯ್ಯನಿಗೆ ಪಾಪ ಅನ್ನಿಸಿತು.

“ಭಾಗವತರೇ, ಮಹಾಸ್ವಾಮಿಗಳು ಹಾಡಿದ್ದು ನಿಮ್ಮ ಪಾಠದ ಹಾಗೇ ಇತ್ತೇ?”

ಸಂಗೀತದ ವಿಷಯದಲ್ಲಿ ಸುಳ್ಳಾಡಲು ಭಾಗವತರಿಗೆ ಬರುತ್ತಿರಲಿಲ್ಲ. “ಕೊನೆಯಲ್ಲಿ ಕೆಳಗಿಳಿಯಬೇಕು. ಮಹಾಸ್ವಾಮಿಗಳು ಮೇಲಕ್ಕೆ ಜಾರಿ, ಅಲ್ಲೇ ಸುತ್ತಾಡಿ, ಆಮೇಲೆ ಇಳಿದರು. ತಪ್ಪು.”

“ಹೇಗೆ ತಪ್ಪು, ಹಾಡಿ ತೋರಿಸಿ.”

ಭಾಗವತರು ಮುಖ ಕಿವುಚಿಕೊಂಡೇ ಹಾಡಿದರು. ಮತ್ತೊಮ್ಮೆ ಹಾಡಿದರು. ಯಾರೂ ಕೇಳದಿದ್ದರೂ ಕಣ್ಣು ಮುಚ್ಚಿ ಇನ್ನೊಮ್ಮೆ ಹಾಡಿದರು.

“ತಪ್ಪು ತೋರಿಸಲು ಇಷ್ಟು ಸಲ ಹಾಡಬೇಕೇ?” ಎಂದ ಹೊನ್ನಯ್ಯ.

ಭಾಗವತರು ನಾಚಿಕೊಂಡರು. “ಚೆನ್ನಾಗಿದೆಯಯ್ಯಾ. ಇಂಥ ತಿರುವನ್ನು ನಾನು ಎಲ್ಲೂ ಕೇಳಿಲ್ಲ.”

ದೊರೆ ತಲೆ ಎತ್ತಿದ. “ಅಂದರೆ?”

“ಅಂದರೆ ಮಹಾಸ್ವಾಮಿ, ತಾವು ಸರಿಯಾಗಿ ಹಾಡಿದ್ದೆಲ್ಲ ಭಾಗವತರದು. ತಪ್ಪು ಮಾತ್ರ ತಮ್ಮ ಸ್ವಂತದ್ದು. ಆದರೆ ಅದು ಹೊಸದು ಅಂತ ಹೇಳಲು ಹಳೆಯದೆಲ್ಲ ಬಲ್ಲವರು ಬೇಕಾಯಿತು.”

ದೊರೆ ಒಂದು ಕ್ಷಣ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅರಸಿ ನಕ್ಕಳು, ಸಭೆ ನಕ್ಕಿತು. ಭಾಗವತರಿಗೂ ನಗು ತಡೆಯಲಾಗಲಿಲ್ಲ.

“ಪಾಠಶಾಲೆ ಇರಲಿ. ಭಾಗವತರಿಗೆ ಶಾಲು, ನಿನಗೆ ನನ್ನ ಕೈಯ ಈ ಕಡಗ. ನಾಳೆಯಿಂದ ನಾನೂ ಪಾಠಕ್ಕೆ ಬರುತ್ತೇನೆ,” ಎಂದ ದೊರೆ. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದ, “ಹೊನ್ನಯ್ಯ, ಎಷ್ಟು ಕಲಿಯಲಿ?”

“ತಪ್ಪಿದ್ದು ಗೊತ್ತಾಗುವಷ್ಟು ಕಲಿಯಿರಿ, ಮಹಾಸ್ವಾಮಿ,” ಎಂದ ಹೊನ್ನಯ್ಯ. “ತಪ್ಪಲು ಹೆದರುವಷ್ಟು ಬೇಡ.”