ಬಿಂದುವಿನಲ್ಲಿ ಕುಳಿತ ಕುಂಟಿರುವೆ

ಬೀಸುವ ಕಲ್ಲಿನ ಮುಂದೆ ಕೂತೇ ಜಗನ್ಮಾತೆಯನ್ನು ಕಂಡ ಶ್ರೀ ತುಂಗವ್ವ ತಾಯಿಯವರ ಪಾದಕ್ಕೆ ಹಣೆ ಹಚ್ಚಿ, ಈ ಕಂಚುಗಾರ ಮೋನಪ್ಪ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ತಾಯಿಯವರು ಹೊಳೆದಂಡೆಯ ಗುಡಿಸಲಲ್ಲಿ ಊರವರ ಜೋಳ ಬೀಸಿಕೊಟ್ಟು ಬದುಕುತ್ತಿದ್ದರು. ಬೆಳಿಗ್ಗೆ ಒಂದು ಹಿಡಿ ಅಕ್ಕಿಹಿಟ್ಟಿನಿಂದ ಅಂಗಳದಲ್ಲಿ ಶ್ರೀಚಕ್ರ ಬರೆದು, ಪೂಜಿಸಿ, ಆಮೇಲೆ ಕಲ್ಲಿಗೆ ಕೈ ಹಾಕುತ್ತಿದ್ದರು.

ನಾನೇನು ಕಡಿಮೆಯವನೇ? ನಾನು ಎಳ್ಳುಕಾಳಿನ ಮೇಲೆ ಆನೆ ಕೆತ್ತಿದರೆ ಅದರ ಬಾಲದ ಕೂದಲನ್ನೂ ಎಣಿಸಬಹುದಿತ್ತು. ಅಂಥ ಕೈ ದೇವಿಗುಡಿಯ ಶ್ರೀಚಕ್ರಕ್ಕೆ ಸೋತಿತ್ತು. ಮೂರು ತಾಮ್ರದ ತಗಡು ಕೆಟ್ಟವು. ಒಂಬತ್ತು ತ್ರಿಕೋನ ಕೊರೆದು ಒಳಗೆ ಬರುವಷ್ಟರಲ್ಲಿ ಗೆರೆ ಕೂದಲೆಳೆಯಷ್ಟು ವಾರೆಯಾಗಿ, ನಡುವಿನ ಬಿಂದುವಿಗೆ ಜಾಗವೇ ಉಳಿಯುತ್ತಿರಲಿಲ್ಲ. ಧರ್ಮದರ್ಶಿಗಳು ನಾಲ್ಕನೆಯದನ್ನು ಕೊಟ್ಟು, "ಇದೂ ಕೆಟ್ಟರ ಕೆಲಸ ಬ್ಯಾರೆ ಊರವರಿಗೆ ಕೊಡ್ತೀವಿ" ಎಂದರು. ಏಳು ತಲೆಮಾರಿನಿಂದ ಆ ಗುಡಿಯ ಕೆಲಸ ನಮ್ಮ ಮನೆಯದು!

ಉರಿಯುವ ಹೊಟ್ಟೆಯಲ್ಲೇ ಕೈವಾರ ಹಿಡಿದು ತಾಯಿಯವರ ಅಂಗಳಕ್ಕೆ ಹೋದೆ.

"ಏನ್ರವ್ವಾ, ಕೈವಾರ ಇಲ್ಲ, ದಾರ ಇಲ್ಲ, ಬರೇ ಬೆರಳಿನ್ಯಾಗ ಶ್ರೀಚಕ್ರ ಬರೀತೀರಂತಲ್ಲ? ಅಳೆದು ನೋಡ್ಲೇನು?"

"ಅಳೆದು ನೋಡಪ್ಪ" ಎಂದು ನಕ್ಕರು. "ಮೊದಲ ರೊಟ್ಟಿ ತಿನ್ನು, ಮಾರಿ ಬಾಡೈತಿ."

ತಿಂದು ಅಳೆದೆ. ಒಂಬತ್ತು ಸಲ ಅಳೆದೆ. ನಂಬಿದರೆ ನಂಬಿ, ಸಾಸಿವೆಯಷ್ಟೂ ತಪ್ಪಿರಲಿಲ್ಲ.

ತಾಯಿಯವರು ಚಕ್ರಕ್ಕೆ ಆರತಿ ಎತ್ತಿ ಮುಗಿಸುವವರೆಗೆ ಕಟ್ಟೆಯ ಮೇಲೆ ಕಾದಿದ್ದ ಇರುವೆಗಳು ಆಗ ಹಿಟ್ಟು ತಿನ್ನಲು ಇಳಿದವು. ನಲವತ್ತಮೂರು ಸಣ್ಣ ತ್ರಿಕೋನಗಳಿಗೆ ಒಂದೊಂದು ಇರುವೆ, ನಾನೇ ಎಣಿಸಿದೆ! ಕೊನೆಗೆ ಒಂದು ಕುಂಟಿರುವೆ ತೆವಳಿಕೊಂಡು ಬಂದು ನಡುವಿನ ಬಿಂದುವಿಗೇ ಬಾಯಿ ಹಾಕಿತು.

"ಅಯ್ಯೋ ಯವ್ವಾ, ಬಿಂದು ಹೋತು!" ಎಂದು ಕೈ ಎತ್ತಿದೆ.

ತಾಯಿಯವರು ನನ್ನ ಕೈ ಹಿಡಿದರು. "ಹೋಗಿಲ್ಲ ತಮ್ಮಾ, ದೇವಿನ ಉಣ್ಣಾಕ ಕುಂತಾಳ. ನೀ ಎಲ್ಲಿಂದ ಸುರು ಮಾಡ್ತಿ?"

"ಹೊರಗಿನ ಚೌಕದಿಂದ. ನೋಡಿದವರು ಮೊದಲ ಅದನ್ನ ಹೊಗಳ್ತಾರ."

"ಎಲ್ಲಾ ಜಾಗ ನೀನ ತುಂಬಿದ ಮ್ಯಾಲೆ ಆಕಿ ಎಲ್ಲಿ ಕುಂದರಬೇಕು?"

ಅಷ್ಟೇ ಅಂದರು; ಎದ್ದು ಹೋಗಿ ಕಲ್ಲು ಬೀಸತೊಡಗಿದರು. ನನಗೆ ಕಣ್ಣೀರು ಕಿತ್ತುಕೊಂಡು ಬಂತು.

ಮರುದಿನ ಮಿಂದು, ಬರಿಯ ತಗಡಿನ ಮೇಲೆ ಮೊದಲು ಬಿಂದುವನ್ನಿಟ್ಟೆ. "ಕುಂದರವ್ವಾ" ಎಂದೆ. ಆಮೇಲೆ ಆಕೆಯ ಸುತ್ತ ಒಂದೊಂದೇ ಗೆರೆ ಎಳೆದೆ. ಎಲ್ಲವೂ ಕೂಡಬೇಕಾದಲ್ಲೇ ಬಂದು ಕೂಡಿದವು.

ಹುಣ್ಣಿಮೆಯಂದು ಪ್ರತಿಷ್ಠೆಯಾಯಿತು. ಅರ್ಚಕರು ಬೆರಗಾಗಿ, "ಯಾರ ಕೈಕೆಲಸ ಇದು?" ಎಂದು ಕೇಳಿದರು. ದಾರಿಹೋಕರನ್ನೂ ನಿಲ್ಲಿಸಿ ಹೆಸರು ಹೇಳಿಕೊಳ್ಳುತ್ತಿದ್ದ ನನ್ನ ಬಾಯಿಗೆ ಅಂದು "ನಂದು" ಎಂಬ ಮಾತೇ ಬರಲಿಲ್ಲ. ತಾಯಿಯವರಿದ್ದ ಹೊಳೆದಂಡೆಯ ಕಡೆಗೆ ಕೈ ಮುಗಿದೆ.