ಎಡಕ್ಕೆ ಎಳೆಯುವ ಕಾರು

ಹೊಳೆದಂಡೆಯ ಶೆಡ್ಡಿನಲ್ಲಿ ಒಂದು ಕಾರು ಏಳು ವರ್ಷದಿಂದ ಮುಗಿಯುತ್ತಲೇ ಇತ್ತು.

ಕಟ್ಟಿದವನು ಲೇತ್ ಅಂಗಡಿಯ ಕೊಟ್ರೇಶ. ಕಬ್ಬಿಣದ ಪೈಪು ಕೊಯ್ದು ತಾನೇ ಚಾಸಿ ಬೆಸೆದಿದ್ದ, ತಗಡು ಬಡಿದು ಮೈ ಕೂರಿಸಿದ್ದ, ಗುಜರಿಯಿಂದ ತಂದ ಎಂಜಿನ್ನನ್ನು ಬಿಚ್ಚಿ ಹೊಸದರಂತೆ ಮಾಡಿದ್ದ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಕೆಂಪು ಸ್ಪೋರ್ಟ್ಸ್ ಕಾರು. ಸಾರಿಗೆ ಕಚೇರಿಯವರು ನೋಡಿ, ಓಡಿಸಿ, ನಂಬರನ್ನೂ ಕೊಟ್ಟಾಗಿತ್ತು.

ಊರಿನವರ ಪ್ರಕಾರ ಕಾರು ಮುಗಿದಿತ್ತು. ಕೊಟ್ರೇಶನ ಪ್ರಕಾರ ಇಲ್ಲ.

ಸ್ಟೀರಿಂಗಿನ ಮೇಲಿನ ಕೈ ತೆಗೆದರೆ ಅದು ಎಡಕ್ಕೆ ಎಳೆಯುತ್ತಿತ್ತು. ಬಹಳವೇನಲ್ಲ, ನೂರು ಮಾರು ಹೋಗುವಷ್ಟರಲ್ಲಿ ಒಂದು ಮೊಳ.

ಬೇರೆಯವರಿಗೆ ಗೊತ್ತೂ ಆಗದ ಆ ಒಂದು ಮೊಳ ಅವನ ನೆಮ್ಮದಿಯನ್ನು ನುಂಗಿಹಾಕಿತ್ತು. ಟೈರು ಬದಲಿಸಿದ. ಸ್ಪ್ರಿಂಗುಗಳನ್ನು ಅದಲುಬದಲು ಮಾಡಿದ. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಕಟ್ಟಿ ನೋಡಿ, ಅಲೈನ್‌ಮೆಂಟನ್ನು ಕೂದಲೆಳೆಯಷ್ಟು ಸರಿಸಿದ. ಬೆಳಿಗ್ಗೆ ಎದ್ದು ಹೊಳೆ ಪಕ್ಕದ ಖಾಲಿ ರಸ್ತೆಗೆ ಒಯ್ದು ಕೈ ಬಿಟ್ಟ. ಎಡಕ್ಕೆ ಹೋಯಿತು. ಮತ್ತೆ ಬಿಚ್ಚಿದ, ಮತ್ತೆ ಕಟ್ಟಿದ, ಮತ್ತೆ ಒಯ್ದ. ಮತ್ತೆ ಎಡಕ್ಕೇ ಹೋಯಿತು.

ಬಿಚ್ಚುವ ಚಟ ಹತ್ತಿದವನಿಗೆ ಕೆಲಸಕ್ಕೇನು ಬರವೇ?

ಹೀಗಿರುವಾಗ ಅವನ ಹೆಂಡತಿ ಹಾಲಮ್ಮ ಒಂದು ಮಾತು ಹೇಳಿದಳು. ಮೊದಲ ಸವಾರಿ ಹರಪನಹಳ್ಳಿಗೆ, ನಿನ್ನ ತವರಿಗೆ ಎಂದು ಅವಳಿಗೆ ಅವನೇ ಮಾತು ಕೊಟ್ಟಿದ್ದ. ಆಮೇಲೆ ಅವಳು ತಮ್ಮನ ಮದುವೆಗೆ ಬಸ್ಸಿನಲ್ಲಿ ಹೋದಳು, ಆ ತಮ್ಮನ ಮಗುವಿನ ತೊಟ್ಟಿಲಿಗೂ ಬಸ್ಸಿನಲ್ಲಿ ಹೋದಳು, ಏಳು ದೀಪಾವಳಿಗೂ ಬಸ್ಸೇ. ಈಗ ಬರುವ ಭಾನುವಾರ ಅದೇ ತಮ್ಮನ ಹೊಸ ಮನೆಯ ಗೃಹಪ್ರವೇಶ.

"ಈ ಸಲಾನೂ ಬಸ್ಸಾದ್ರೆ, ಆ ಕಾರಿನಾಗೆ ನಾನು ಯಾವತ್ತೂ ಕೂರಲ್ಲ."

ಜಗಳದ ದನಿಯಲ್ಲಿ ಹೇಳಿದ್ದರೆ ಅವನಿಗೆ ಸಮಾಧಾನವಿರುತ್ತಿತ್ತು. ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ ಹೇಳಿದ್ದಳು. ಕೊಟ್ರೇಶನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಬುಧವಾರ ಅವನು ಉಸ್ತಾದರನ್ನು ಹುಡುಕಿಕೊಂಡು ಹೋದ.

ನನ್ನೇಸಾಬ್ ಉಸ್ತಾದ್ ಅವನಿಗೆ ಹದಿನಾರನೇ ವಯಸ್ಸಿನಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರು. ಅವರು ಗ್ಯಾರೇಜು ಬಿಟ್ಟು ಎಷ್ಟೋ ವರ್ಷವಾಗಿತ್ತು. ಈಗ ಹೊಳೆದಂಡೆಯ ಹೊಂಗೆಮರದ ಕೆಳಗೆ ಕೂತು ಚಹಾ ಕುಡಿಯುವುದೇ ಅವರ ಕೆಲಸ.

ಕೊಟ್ರೇಶ ಹೇಳಿದ್ದನ್ನೆಲ್ಲ ಕೇಳಿದ ಮೇಲೂ ಅವರು ಕಾರನ್ನು ಮುಟ್ಟಲಿಲ್ಲ. ಲೋಟ ಹಿಡಿದುಕೊಂಡೇ ರಸ್ತೆಯ ಅಂಚಿಗೆ ಬಂದು, ಓಡಿಸಿ ತೋರಿಸು ಎಂದರು.

ಓಡಿಸಿದ. ಕೈ ಬಿಟ್ಟ. ಎಡಕ್ಕೆ ಹೋಯಿತು.

"ಈಗ ರೋಡಿನ ಬಲಮಗ್ಗುಲಾಗೆ ಹೋಗು. ಯಾರೂ ಬರ್ತಿಲ್ಲ, ನಾ ನೋಡ್ತಿರ್ತೀನಿ."

ಬಲಮಗ್ಗುಲಿನಲ್ಲಿ ಓಡಿಸಿ ಕೈ ಬಿಟ್ಟ. ಕಾರು ಬಲಕ್ಕೆ ಹೋಯಿತು.

ಇಳಿದು ಬಂದಾಗ ಕೊಟ್ರೇಶನ ಮುಖ ಬಿಳಿಚಿಕೊಂಡಿತ್ತು. ಒಂದು ದೋಷ ಹೊತ್ತು ಬಂದವನಿಗೆ ಈಗ ಎರಡಾಗಿದ್ದವು.

ಉಸ್ತಾದ್ ನಡುರಸ್ತೆಗೆ ನಡೆದು ಹೋಗಿ ಲೋಟದಲ್ಲಿದ್ದ ಚಹಾ ಸುರಿದರು. ಅದು ಒಂದು ಗಳಿಗೆ ಅಲ್ಲೇ ನಿಂತಿತ್ತು. ಆಮೇಲೆ ಎರಡಾಗಿ ಒಡೆದು, ಅರ್ಧ ಈ ಅಂಚಿಗೆ, ಅರ್ಧ ಆ ಅಂಚಿಗೆ ಹರಿಯಿತು.

"ರೋಡಿಗೂ ಬೆನ್ನೈತೆ ಕೊಟ್ರಾ. ಮಳೆನೀರು ಇಳಿದು ಹೋಗ್ಲಿ ಅಂತ ನಡುವೆ ಎತ್ತರ ಮಾಡಿರ್ತಾರೆ. ನಿನ್ನ ಕಾರು ನೆಟ್ಟಗೇ ಐತೆ."

"ಆದ್ರೂ ಕೈ ಬಿಟ್ರೆ ಸೀದಾ ಹೋಗ್ಬೇಕಲ್ಲ ಉಸ್ತಾದ್."

"ಕೈ ಬಿಡೋ ಹಂಗಿದ್ರೆ ಸ್ಟೀರಿಂಗ್ ಯಾಕೆ ಕೂರಿಸ್ದೆ?"

ಕೊಟ್ರೇಶ ನಕ್ಕುಬಿಟ್ಟ. ಅವತ್ತು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡ. ಒಳ್ಳೆಯ ಸೀರೆ ತೆಗೆದಿಟ್ಟುಕೋ ಎಂದು ಹಾಲಮ್ಮನಿಗೆ ಹೇಳಿದ.

ಆ ನೆಮ್ಮದಿ ಮರುದಿನದ ಬಿಸಿಲು ಕಾಣಲಿಲ್ಲ. ರಸ್ತೆಗೆ ಬೆನ್ನಿದೆ, ಸರಿ, ಒಪ್ಪಿದೆ. ಹಾಗಾದರೆ ಆ ಬೆನ್ನನ್ನೂ ಗಣನೆಗೆ ತೆಗೆದುಕೊಂಡು ಚಕ್ರವನ್ನು ಒಂದು ಕೂದಲೆಳೆ ಬಲಕ್ಕೆ ತಿರುಗಿಸಿಟ್ಟರೆ? ಗುರು ಬಾಗಿಲು ತೆರೆದು ತೋರಿಸಿದರೆ, ಶಿಷ್ಯ ಅದರ ಚಿಲಕ ರಿಪೇರಿಗೆ ಕೂತ.

ಗುರುವಾರ ತಿರುಗಿಸಿದ. ಹೊಳೆ ರಸ್ತೆಯಲ್ಲಿ ಕಾರು ದಾರ ಎಳೆದಂತೆ ಹೋಯಿತು. ಹಿಗ್ಗಿನಿಂದ ಮಾರ್ಕೆಟ್ ಯಾರ್ಡಿನ ಸಿಮೆಂಟು ನೆಲಕ್ಕೆ ಒಯ್ದ. ಅಲ್ಲಿ ಬಲಕ್ಕೆ ಎಳೆಯಿತು. ಶುಕ್ರವಾರ ಅರ್ಧ ವಾಪಸು ತಿರುಗಿಸಿದ. ಈಗ ರಸ್ತೆಯಲ್ಲಿ ಎಡಕ್ಕೆ, ಯಾರ್ಡಿನಲ್ಲಿ ಬಲಕ್ಕೆ. ಹೈವೇಗೂ ಒಯ್ದು ನೋಡಿದ, ಅದರದು ಬೇರೆಯೇ ಕಥೆ.

ಮತ್ತೆ ಉಸ್ತಾದರ ಬಳಿಗೆ ಓಡಿದ. ಬೆನ್ನಿಲ್ಲದ ರೋಡು, ಪೂರ್ತಿ ಮಟ್ಟವಾಗಿರುವ ರೋಡು ಸುತ್ತಮುತ್ತ ಎಲ್ಲಾದರೂ ಇದೆಯೇ ಎಂದು ಕೇಳಿದ. ಒಂದೇ ಒಂದು ಸಲ ಅದರ ಮೇಲೆ ಓಡಿಸಿ ನೋಡಿದರೆ ತನಗೆ ಸಾಕು.

ಉಸ್ತಾದ್ ಹೊಳೆಯ ಮಡುವಿನ ಕಡೆ ಕೈ ತೋರಿಸಿದರು. ನೀರು ಅಲ್ಲಾಡದೆ ನಿಂತಿತ್ತು.

"ಅದಕ್ಕಿಂತ ಮಟ್ಟವಾಗಿರೋದು ನಂಗೊತ್ತಿಲ್ಲ. ಇಳಿಸು."

ಈ ಸಲ ಕೊಟ್ರೇಶ ನಗಲಿಲ್ಲ. ತನ್ನ ಸಂಕಟ ಉಸ್ತಾದರಿಗೆ ತಮಾಷೆಯಾಗಿದೆ ಎಂದು ಅವನಿಗೆ ಸಿಟ್ಟು ಬಂತು. ಶನಿವಾರ ಎಲ್ಲವನ್ನೂ ಮೊದಲಿನಂತೆ ಕೂರಿಸಿ, ಕಾಳಿನ ಅಂಗಡಿಯಿಂದ ತೂಕದ ಯಂತ್ರ ಬೇಡಿ ತಂದು, ಒಂದೊಂದು ಚಕ್ರದ ಮೇಲೆ ಎಷ್ಟು ಭಾರ ಬೀಳುತ್ತದೆಂದು ತೂಗಿ ಬರೆದುಕೊಂಡ.

ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯೇ ಎಂದರೆ ಹೂಂ, ಹೆಚ್ಚೇ ಎಂದರೂ ಹೂಂ. ಉಣ್ಣುವಾಗ ಅವನ ಬೆರಳು ತಟ್ಟೆಯ ಅಂಚಿನಲ್ಲಿ ಇಲ್ಲದ ನಟ್ಟೊಂದನ್ನು ತಿರುಗಿಸುತ್ತಿತ್ತು. ಹಾಲಮ್ಮ ನೋಡಿಯೂ ನೋಡದವಳಂತೆ ಬ್ಯಾಗು ತುಂಬಿದಳು.

ಭಾನುವಾರ ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಶೆಡ್ಡಿಗೆ ಬಂದಾಗ ಕೊಟ್ರೇಶ ಕಾರಿನ ಕೆಳಗಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಕಾರು ಹೊರಡುವುದನ್ನು ನೋಡಲು ಬಂದ ಉಸ್ತಾದ್ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು.

ಬಸ್ಸಿಗೆ ಇನ್ನು ಅರ್ಧ ಗಂಟೆ ಇದೆ ಎಂದು ಹಾಲಮ್ಮ ಆ ಕಾಲುಗಳಿಗೆ ಹೇಳಿದಳು.

ಕಾಲುಗಳು ಉತ್ತರ ಕೊಟ್ಟವು. ಅಳತೆಗಳೆಲ್ಲ ಈಗಷ್ಟೇ ಕೂತಿವೆ, ಯಾರ್ಡಿನಲ್ಲಿ ಒಂದೇ ಒಂದು ಸಲ ನೋಡಿಬಿಟ್ಟರೆ ಮುಗಿಯಿತು, ಬರುವ ವಾರ ಖಂಡಿತ ಹೋಗೋಣ.

ಹಾಲಮ್ಮ ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ತಿರುಗಿದಳು. ಅವಳ ಕಣ್ಣು ತುಂಬಿದ್ದನ್ನು ಉಸ್ತಾದ್ ನೋಡಿದರು.

"ಕೊಟ್ರಾ, ಹೊರಗೆ ಬಾ," ಎಂದರು.

ಇಪ್ಪತ್ತು ವರ್ಷ ಕೇಳಿ ಅಭ್ಯಾಸವಾದ ದನಿ. ಕೊಟ್ರೇಶ ತೆವಳಿಕೊಂಡು ಹೊರಗೆ ಬಂದ.

ಉಸ್ತಾದ್ ಎದ್ದು ಕಾರಿನ ಎಡಬಾಗಿಲು ತೆಗೆದರು. ಕೂತ್ಕೊಳ್ಳಮ್ಮ ಎಂದರು. ಹಾಲಮ್ಮ ಒಮ್ಮೆ ಗಂಡನ ಮುಖ ನೋಡಿದಳು. ಆಮೇಲೆ ಸೆರಗು ಬಿಗಿಮಾಡಿಕೊಂಡು, ಬಾಗಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಕಾರು ಎಡಕ್ಕೆ ಎರಡು ಬೆರಳು ತಗ್ಗಿತು.

ಕೊಟ್ರೇಶ ಬಗ್ಗಿ ಆ ಕಡೆಯ ಚಕ್ರ ನೋಡಿದ. ಏಳು ವರ್ಷದಲ್ಲಿ ಆ ಸೀಟಿನ ಮೇಲೆ ಯಾರೂ ಕೂತಿರಲಿಲ್ಲ. ಅವನು ಅಳೆದದ್ದು, ತೂಗಿದ್ದು, ಬರೆದುಕೊಂಡದ್ದು ಎಲ್ಲವೂ ತಾನೊಬ್ಬನೇ ಕೂತಾಗಿನ ಕಾರನ್ನು.

"ಇಳಿ ಹಾಲಮ್ಮ. ಅಳತೆ ಎಲ್ಲಾ ಹೋಯ್ತು."

"ಇಳಿದ್ರೆ ಸೀದಾ ಬಸ್ ಸ್ಟ್ಯಾಂಡಿಗೇ ಹೋಗೋದು," ಎಂದಳು ಹಾಲಮ್ಮ.

ಉಸ್ತಾದ್ ಕೈ ಚಾಚಿದರು. ಕೊಟ್ರೇಶ ತನ್ನ ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಮೇಲಿಟ್ಟು, ಅಂಗೈ ಪ್ಯಾಂಟಿಗೆ ಒರೆಸಿಕೊಂಡು, ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತ. ಕೀಲಿ ತಿರುಗಿಸಿದ. ಎಂಜಿನ್ ಹಿಡಿದುಕೊಂಡಿತು. ಆದರೆ ಗೇರಿನ ಮೇಲಿಟ್ಟ ಕೈ ಅಲುಗಲಿಲ್ಲ.

"ದಾರೀಲಿ ಆ ಕಡೆ ಈ ಕಡೆ ಎಳೆದ್ರೆ ಏನಂತ ಹೇಳ್ಲಿ ಉಸ್ತಾದ್? ಇವಳ ತಮ್ಮ ಕೇಳ್ತಾನೆ, ಬಂದೋರೆಲ್ಲ ಕೇಳ್ತಾರೆ. ರೋಡೇ ಸರಿ ಇಲ್ಲ ಅನ್ಲಾ? ಕುಣಿಯಲಾರದೋಳು ನೆಲ ಡೊಂಕು ಅಂದಂಗೆ ಆಗಲ್ವಾ?"

ಉಸ್ತಾದ್ ಬಗ್ಗಿ ಅವನ ಕಡೆಯ ಬಾಗಿಲು ಹಾಕಿದರು.

"ಅವಳು ಅಂದಿದ್ದು ಸುಳ್ಳಲ್ಲ ಕೊಟ್ರಾ. ನೆಲ ಡೊಂಕೇ ಇತ್ತು. ಕುಣಿದೋರೆಲ್ಲ ಅದರ ಮೇಲೇ ಕುಣಿದ್ರು."